ಗೋಲ್ಡ್‌ಫಿಶ್ ಕಾಯಿಲೆಗಳು: ಮೊದಲು ನೀರು, ಆಮೇಲೆ ಮದ್ದು

ಗೋಲ್ಡ್‌ಫಿಶ್ ಕಾರ್ಪ್ ಕುಟುಂಬದ ಮೀನು. ಸಾವಿರ ವರ್ಷಕ್ಕೂ ಹಿಂದೆ ಚೀನಾದ ಕೊಳಗಳಲ್ಲಿ ಬಣ್ಣ ನೋಡಿ ಆರಿಸಿ ಸಾಕಿದ ತಳಿ. ನೀರು ಚೆನ್ನಾಗಿದ್ದರೆ ಹತ್ತು ಹದಿನೈದು ವರ್ಷ ಬದುಕುತ್ತದೆ. ಇಂಗ್ಲೆಂಡಿನ ಟಿಶ್ ಎಂಬ ಮೀನು 43 ವರ್ಷ ಬಾಳಿ 1999ರಲ್ಲಿ ಸತ್ತದ್ದು ದಾಖಲಾಗಿದೆ. ನಮ್ಮ ಮನೆಗಳ ಗಾಜಿನ ಬುಂಡೆಯಲ್ಲಿ ಮಾತ್ರ ಇದೇ ಮೀನು ತಂದ ತಿಂಗಳೊಳಗೆ ಸಾಯುವುದು ಮಾಮೂಲಾಗಿದೆ. ಅದರ ಆಯುಸ್ಸೇ ಅಷ್ಟು ಎಂದುಕೊಂಡು ಇನ್ನೊಂದು ಜೋಡಿ ತರುತ್ತೇವೆ. ಆಯುಸ್ಸು ಅಷ್ಟಲ್ಲ. ಕಾಯಿಲೆಗಳಲ್ಲಿ ಬಹುಪಾಲು ನೀರಿನಿಂದಲೇ ಶುರುವಾಗುತ್ತವೆ, ಮೀನಿನ ಮೈಮೇಲೆ ಕಾಣುವುದು ಆಮೇಲೆ.

## ಮೊದಲ ಲಕ್ಷಣಗಳು

ಆರೋಗ್ಯವಾಗಿರುವ ಗೋಲ್ಡ್‌ಫಿಶ್ ಹೊಟ್ಟೆಬಾಕ. ನೀವು ತೊಟ್ಟಿಯ ಹತ್ತಿರ ಬಂದ ಕೂಡಲೇ ಗಾಜಿನ ಬಳಿ ಬಂದು ಬಾಯಿ ಆಡಿಸುತ್ತದೆ. ಅಂಥ ಮೀನು ಮೂಲೆಯಲ್ಲಿ ತಳ ಹಿಡಿದು ಕೂತರೆ, ಬೆನ್ನ ಮೇಲಿನ ರೆಕ್ಕೆಯನ್ನು ಮಡಚಿಕೊಂಡರೆ, ತಿನ್ನಲು ಬರದಿದ್ದರೆ ಅಂದೇ ಗಮನ ಕೊಡಬೇಕು. ಮೇಲೆ ಬಂದು ಗಾಳಿ ನುಂಗುವುದು, ಮೈಯನ್ನು ಕಲ್ಲಿಗೆ ಉಜ್ಜುವುದು, ಕಿವಿರು ಬೇಗಬೇಗ ಬಡಿದುಕೊಳ್ಳುವುದು ಕೂಡ ತೊಂದರೆಯ ಗುರುತುಗಳು. ರೋಗಾಣುಗಳು ಒಮ್ಮೆಗೇ ಎಲ್ಲ ಮೀನುಗಳನ್ನೂ ಹಿಡಿಯುವುದು ಅಪರೂಪ. ತೊಟ್ಟಿಯ ಅಷ್ಟೂ ಮೀನುಗಳು ಒಟ್ಟಿಗೇ ಸಪ್ಪಗಾದರೆ ನೀರನ್ನು ಅನುಮಾನಿಸಿ.

## ನೀರೇ ವಿಷವಾದಾಗ

ಮೀನು ತನ್ನ ತ್ಯಾಜ್ಯದ ಬಹುಭಾಗವನ್ನು ಕಿವಿರಿನ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ಫಿಲ್ಟರ್‌ನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು 4ರಿಂದ 6 ವಾರ ಬೇಕು. ನಾವು ಅಂಗಡಿಯಿಂದ ತೊಟ್ಟಿ, ಮೀನು, ಆಹಾರ ಎಲ್ಲವನ್ನೂ ಒಂದೇ ದಿನ ತರುತ್ತೇವೆ. ಹದಿನೈದನೇ ದಿನಕ್ಕೆ ಮೀನು ಸಾಯುವುದು ಇದರಿಂದಲೇ.

ಅಮೋನಿಯಾ ಸುಟ್ಟ ಮೀನಿನ ಕಿವಿರು ಕೆಂಪಗೆ ಊದಿಕೊಳ್ಳುತ್ತದೆ, ರೆಕ್ಕೆಗಳಲ್ಲಿ ರಕ್ತದ ಗೆರೆಗಳು ಮೂಡುತ್ತವೆ. ಕೆಲವು ದಿನದ ಬಳಿಕ ಮೈಮೇಲೆ ಕಪ್ಪು ತೇಪೆ ಕಂಡರೆ ಹೆಚ್ಚಿನ ಸಲ ಅದು ಹೊಸ ರೋಗವಲ್ಲ, ಸುಟ್ಟಗಾಯ ಮಾಯುತ್ತಿರುವ ಗುರುತು. ನೈಟ್ರೈಟ್ ಹೆಚ್ಚಾದರೆ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರಲಾರದೆ ಹೋಗುತ್ತದೆ. ಆಗ ಕಿವಿರೂ ಕಂದಾಗಿ ಕಾಣುತ್ತದೆ.

ಚಿಕಿತ್ಸೆ ಸರಳ. ಅರ್ಧ ನೀರು ಬದಲಿಸಿ, ಒಂದೆರಡು ದಿನ ಆಹಾರ ನಿಲ್ಲಿಸಿ, ಏರ್ ಪಂಪ್ ಜೋರಾಗಿ ಓಡಲಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರುವವರೆಗೆ ನೀರು ಬದಲಿಸುತ್ತಿರಬೇಕು. ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನೂ ಸುಡುತ್ತದೆ, ಫಿಲ್ಟರ್‌ನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಹಾಗಾಗಿ ಕ್ಲೋರಿನ್ ತೆಗೆಯುವ ದ್ರವ ಹಾಕಿದ ನೀರನ್ನೇ ಬಳಸಿ. ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಬೇಸಿಗೆಯಲ್ಲಿ ಕರಾವಳಿ, ಕಲಬುರಗಿ ಕಡೆಯವರಿಗೆ ಕಷ್ಟ ಹೆಚ್ಚು. ಇದು ತಂಪು ನೀರಿನ ಮೀನು, 18ರಿಂದ 24 ಡಿಗ್ರಿ ಇದಕ್ಕೆ ಹಿತ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಅಮೋನಿಯಾದ ವಿಷ ಏರುತ್ತದೆ.

## ಬಿಳಿ ಚುಕ್ಕೆ ರೋಗ

ಮೈಮೇಲೆ ಸಣ್ಣ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಅಂಗಡಿಯವರು ಇದನ್ನು ‘ಇಕ್’ ಎನ್ನುತ್ತಾರೆ. ಇಕ್ತಿಯೋಫ್ತೀರಿಯಸ್ ಎಂಬ ಏಕಕೋಶ ಪರಾವಲಂಬಿ ಇದಕ್ಕೆ ಕಾರಣ.

ಮದ್ದು ಹಾಕುವ ಮೊದಲು ಒಮ್ಮೆ ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ಚುಕ್ಕೆಗಳು ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಪೋಣಿಸಿದಂತೆ ಸಾಲಾಗಿದ್ದು ಮೀನು ಚುರುಕಾಗಿದ್ದರೆ ಅದು ರೋಗವೇ ಅಲ್ಲ. ಸಂತಾನದ ಕಾಲದಲ್ಲಿ ಗಂಡು ಮೀನಿಗೆ ಮೂಡುವ ಗುಳ್ಳೆಗಳವು, ತಾವಾಗಿ ಹೋಗುತ್ತವೆ. ಇದನ್ನು ರೋಗವೆಂದು ತಿಳಿದು ನೀಲಿ, ಹಸಿರು ಮದ್ದು ಸುರಿದು ಗಟ್ಟಿಮುಟ್ಟಾದ ಮೀನನ್ನು ಹಣ್ಣು ಮಾಡುವವರಿದ್ದಾರೆ. ರೋಗದ ಚುಕ್ಕೆ ಬಾಲ, ಬೆನ್ನು ಎನ್ನದೆ ಎಲ್ಲೆಂದರಲ್ಲಿ ಹರಡುತ್ತದೆ, ದಿನದಿಂದ ದಿನಕ್ಕೆ ಹೆಚ್ಚುತ್ತದೆ, ಮೀನು ಮೈ ಉಜ್ಜಿಕೊಳ್ಳುತ್ತದೆ.

ಚುಕ್ಕೆಯೊಳಗಿನ ಜೀವಿ ಮೀನಿನ ಚರ್ಮದಡಿ ಇರುವುದರಿಂದ ಮದ್ದು ಅದಕ್ಕೆ ತಾಗುವುದಿಲ್ಲ. ಅದು ಬಲಿತು ಉದುರಿ, ತಳದಲ್ಲಿ ಕೋಶ ಕಟ್ಟಿ, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಹೊಸ ಮೀನು ಹುಡುಕಿ ಈಜುವ ಹೊತ್ತಿನಲ್ಲಷ್ಟೇ ಮದ್ದಿಗೆ ಸಿಕ್ಕುತ್ತವೆ. 25 ಡಿಗ್ರಿಯಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ, ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಚುಕ್ಕೆ ಮಾಯವಾಯಿತೆಂದು ಮೂರನೇ ದಿನಕ್ಕೆ ಚಿಕಿತ್ಸೆ ನಿಲ್ಲಿಸಿದರೆ ವಾರದಲ್ಲಿ ಮತ್ತೆ ಬರುವುದು ಇದಕ್ಕೇ.

ಉಪ್ಪು ಇಲ್ಲಿ ನಂಬಿಕೆಯ ಮದ್ದು. ಲೀಟರಿಗೆ 1 ಗ್ರಾಂನಂತೆ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, 12 ಗಂಟೆಗೊಮ್ಮೆ ಮೂರು ಸಲ ಹಾಕಿ. 40 ಲೀಟರಿನ ತೊಟ್ಟಿಗೆ ಪ್ರತಿ ಸಲ 40 ಗ್ರಾಂ, ಒಟ್ಟು 120. ಹತ್ತರಿಂದ ಹದಿನಾಲ್ಕು ದಿನ ಹಾಗೇ ಬಿಡಿ. ನೀರು ಆರಿದರೂ ಉಪ್ಪು ಉಳಿಯುತ್ತದೆ, ಆದ್ದರಿಂದ ನೀರು ಬದಲಿಸಿದಾಗ ತೆಗೆದ ನೀರಿನ ಲೆಕ್ಕಕ್ಕಷ್ಟೇ ಉಪ್ಪು ಸೇರಿಸಿ. ತೊಟ್ಟಿಯಲ್ಲಿ ಗಿಡಗಳಿದ್ದರೆ ಮೊದಲೇ ತೆಗೆದಿಡಿ. ತಳದ ಕೊಳೆಯನ್ನು ದಿನವೂ ಪೈಪಿನಿಂದ ಎಳೆದರೆ ಕೋಶಗಳೂ ಹೊರಹೋಗುತ್ತವೆ. ಉಪ್ಪಿಗೆ ಬಗ್ಗದಿದ್ದರೆ ಮೆಲಕೈಟ್ ಗ್ರೀನ್ ಇರುವ ಮದ್ದನ್ನು ಚೀಟಿಯಲ್ಲಿ ಬರೆದಷ್ಟೇ ಹಾಕಿ. ಅದು ಮನುಷ್ಯರಿಗೂ ಅಪಾಯದ ರಾಸಾಯನಿಕ, ತಿನ್ನುವ ಮೀನಿಗೆ ಬಳಸಬಾರದ್ದು. ಕೈಗವಸು ಹಾಕಿಕೊಳ್ಳಿ.

## ರೆಕ್ಕೆ ಕೊಳೆತ, ಬೂಷ್ಟು

ಬಾಲದ ಅಂಚು ಬೆಳ್ಳಗಾಗಿ, ಎಳೆಎಳೆಯಾಗಿ ಹರಿದು ಗಿಡ್ಡವಾಗುತ್ತ ಹೋದರೆ ಅದು ಬ್ಯಾಕ್ಟೀರಿಯಾದ ಕೆಲಸ. ಆರಂಭದಲ್ಲೇ ಕಂಡರೆ ಶುದ್ಧ ನೀರೇ ಸಾಕಾಗುತ್ತದೆ, ರೆಕ್ಕೆ ಮತ್ತೆ ಚಿಗುರುತ್ತದೆ. ಕೊಳೆತವು ಬಾಲದ ಬುಡದವರೆಗೆ ಮುಟ್ಟಿದರೆ ಪಶುವೈದ್ಯರ ಸಲಹೆ ಬೇಕು. ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ತಂದು ನೀರಿಗೆ ಉದುರಿಸುವುದು ಬೇಡವೇ ಬೇಡ. ಗಾಯದ ಮೇಲೆ ಹತ್ತಿ ಅಂಟಿದಂತೆ ಬೂಷ್ಟು ಬೆಳೆದಿದ್ದರೆ ಮೀನನ್ನು ಬೇರೆ ಟಬ್ಬಿಗೆ ಹಾಕಿ ಮೀಥೈಲೀನ್ ಬ್ಲೂ ಕೊಡಬಹುದು. ದೊಡ್ಡ ತೊಟ್ಟಿಗೇ ಹಾಕಿದರೆ ಫಿಲ್ಟರ್‌ನ ಬ್ಯಾಕ್ಟೀರಿಯಾಕ್ಕೂ ಕುತ್ತು.

## ತಲೆಕೆಳಗಾಗಿ ತೇಲುವ ಮೀನು

ಒರಾಂಡ, ರ್‍ಯುಕಿನ್, ರಾಂಚುವಿನಂಥ ಗುಂಡುಮೈಯ ತಳಿಗಳಲ್ಲಿ ಇದು ಹೆಚ್ಚು. ಮೈಯನ್ನು ಗಿಡ್ಡವಾಗಿಸಲು ಮನುಷ್ಯ ತಳಿ ಬೆಳೆಸಿದ್ದರಿಂದ ಒಳಗಿನ ಗಾಳಿಚೀಲ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದೆ. ಗೋಲ್ಡ್‌ಫಿಶ್‌ಗೆ ಜಠರವೂ ಇಲ್ಲ, ತಿಂದದ್ದು ನೇರ ಕರುಳಿಗೆ ಇಳಿಯುತ್ತದೆ. ಹೊಟ್ಟೆ ಬಿರಿಯುವಷ್ಟು ತೇಲುವ ಕಾಳು ಹಾಕಿದರೆ ಅದು ಕರುಳಲ್ಲಿ ಊದಿ ಮೀನು ಸಮತೋಲ ತಪ್ಪುತ್ತದೆ.

ಒಂದೆರಡು ದಿನ ಉಪವಾಸ ಹಾಕಿ. ಬಳಿಕ ಹಸಿರು ಬಟಾಣಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬೆರಳಲ್ಲಿ ಹಿಸುಕಿ ಚೂರು ಚೂರೇ ಕೊಡಿ. ಮುಂದೆ ಮುಳುಗುವ ಕಾಳನ್ನು ನೆನೆಸಿ ಹಾಕುವುದು ಒಳ್ಳೆಯದು. ಮಲಬದ್ಧತೆಯಿಂದ ಆಗಿದ್ದರೆ ಇಷ್ಟರಲ್ಲಿ ಸರಿಹೋಗುತ್ತದೆ, ಸೋಂಕಿನಿಂದಲೋ ಮೈಕಟ್ಟಿನಿಂದಲೋ ಆಗಿದ್ದರೆ ಹೋಗದೆಯೂ ಇರಬಹುದು. ಹಾಗೆ ತೇಲುತ್ತಲೇ ತಿಂದುಂಡು ಇರುವ ಮೀನೂ ಉಂಟು.

## ಜಲೋದರ

ಹೊಟ್ಟೆ ಊದಿ, ಮೈಯ ಹುರುಪೆಗಳು ಹೊರಕ್ಕೆ ನಿಮಿರಿ ನಿಂತರೆ ಮೂತ್ರಪಿಂಡ ಸೋತಿದೆ ಎಂದರ್ಥ. ಮೇಲಿನಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಇದು ಕಡೆಯ ಹಂತದ ಲಕ್ಷಣ, ಬದುಕುವ ಮೀನು ಕಡಿಮೆ.

## ಕಣ್ಣಿಗೆ ಕಾಣುವ ಕೀಟಗಳು

ಮೈಯಿಂದ ಬಿಳಿ ದಾರದ ತುಂಡಿನಂತೆ ನೇತಾಡುವುದು ಲಂಗರು ಹುಳು, ತಲೆಯನ್ನು ಮಾಂಸದಲ್ಲಿ ಊರಿರುತ್ತದೆ. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು, ಚಿಮುಟದಿಂದ ಬುಡದ ಹತ್ತಿರ ಹಿಡಿದು ನಿಧಾನ ಎಳೆಯಬೇಕು. ಚಪ್ಪಟೆಯಾಗಿ, ಗುಂಡಗೆ, ಮೈಮೇಲೆ ಓಡಾಡುವುದು ಮೀನಿನ ಹೇನು. ಎರಡೂ ಮೊಟ್ಟೆಯಿಂದ ಮತ್ತೆ ಹುಟ್ಟುವುದರಿಂದ ಕಿತ್ತಷ್ಟಕ್ಕೇ ಮುಗಿಯುವುದಿಲ್ಲ, ಪೊರೆ ಕಳಚದಂತೆ ತಡೆಯುವ ಡೈಫ್ಲೂಬೆನ್ಜುರಾನ್ ಮದ್ದು ಬೇಕಾಗುತ್ತದೆ. ಕಣ್ಣಿಗೆ ಏನೂ ಕಾಣದೆ ಮೀನು ಮೈ ಉಜ್ಜುತ್ತಿದ್ದು, ನೀರೂ ಚೆನ್ನಾಗಿದ್ದರೆ ಕಿವಿರಿನ ಸೂಕ್ಷ್ಮ ಹುಳುಗಳಿರಬಹುದು. ಅದಕ್ಕೆ ಪ್ರಾಜಿಕ್ವಾಂಟೆಲ್.

## ಮದ್ದು ಹಾಕುವಾಗ

ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಮದ್ದನ್ನೇ ಹೀರಿಬಿಡುತ್ತದೆ. ಎರಡು ಮದ್ದು ಬೆರೆಸಬೇಡಿ. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕಬೇಡಿ, ಮೀನಿನ ಕ್ಷಯದ ಜಾತಿಯ ಒಂದು ಬ್ಯಾಕ್ಟೀರಿಯಾ ನಮ್ಮ ಚರ್ಮಕ್ಕೂ ಹತ್ತುತ್ತದೆ. ಹೊಸ ಮೀನನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿದ ಮೇಲೆಯೇ ಹಳೆಯವುಗಳ ಜೊತೆ ಬಿಡಿ. 1992ರಲ್ಲಿ ಜಪಾನಿನಲ್ಲಿ ಮೊದಲು ಕಂಡ ಗೋಲ್ಡ್‌ಫಿಶ್ ಹರ್ಪಿಸ್ ವೈರಸ್‌ಗೆ ಮದ್ದಿಲ್ಲ, ಅದು ಬರುವುದು ಹೀಗೆ ಹೊಸದಾಗಿ ತಂದ ಮೀನಿನ ಜೊತೆಯಲ್ಲೇ.

ಕೊನೆಯದಾಗಿ ಒಂದು ಕೋರಿಕೆ. ಗುಣವಾಗದ ಮೀನನ್ನು ‘ಎಲ್ಲಾದರೂ ಬದುಕಿಕೊಳ್ಳಲಿ’ ಎಂದು ಕೆರೆಗೋ ಬಾವಿಗೋ ಬಿಡಬೇಡಿ. ಲಂಗರು ಹುಳುವೂ ಹೇನೂ ಕಟ್ಲಾ, ರೋಹುಗಳಿಗೆ ಹತ್ತುತ್ತವೆ, ಆ ಕೆರೆಯ ಮೀನನ್ನೇ ನಂಬಿ ಬದುಕುವವರಿದ್ದಾರೆ.