ಕಾರಿನ ಮೈಲೇಜ್: ಅಂಕಿಯನ್ನು ಓದುವುದು ಹೇಗೆ?

ಕಾರು ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ 'ಲೀಟರಿಗೆ ಎಷ್ಟು ಕೊಡುತ್ತದೆ?' ಎಂಬುದು. ಉತ್ತರವಾಗಿ ದೊರೆಯುವ ಅಂಕಿಯನ್ನು ಯಾವ ಸ್ಥಿತಿಯಲ್ಲಿ ಅಳೆಯಲಾಗಿದೆ ಎಂದು ತಿಳಿಯದಿದ್ದರೆ ಮನೆಯ ಲೆಕ್ಕ ತಪ್ಪುವುದು ಖಚಿತ. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ, 20 ಕಿ.ಮೀ. ಕೊಡುವುದೆಂದು ನಂಬಿದ ಕಾರು 15 ಕಿ.ಮೀ. ಮಾತ್ರ ಕೊಟ್ಟರೆ, 50 ಲೀಟರ್ ಬದಲು ಸುಮಾರು 67 ಲೀಟರ್ ಇಂಧನ ಬೇಕಾಗುತ್ತದೆ.

ಪರೀಕ್ಷೆಯ ವಿಧಾನ

ಭಾರತದಲ್ಲಿ ಪುಣೆಯ ಎಆರ್‌ಎಐ ಮುಂತಾದ ಸಂಸ್ಥೆಗಳು ಮೈಲೇಜ್ ಅನ್ನು ಪ್ರಮಾಣೀಕರಿಸುತ್ತವೆ. ಈ ಅಂಕಿಗಳಲ್ಲಿ ಬಹುತೇಕ ದೊರೆತಿರುವುದು 'ಪರಿಷ್ಕೃತ ಭಾರತೀಯ ಚಾಲನಾ ಆವರ್ತ' ಎಂಬ ಪ್ರಯೋಗಾಲಯ ಪರೀಕ್ಷೆಯಿಂದ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ 1,180 ಸೆಕೆಂಡು ಓಡಿಸಲಾಗುತ್ತದೆ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಎಸಿ ಚಾಲನೆಯಲ್ಲಿರುವುದಿಲ್ಲ. ಹೊಗೆಯಲ್ಲಿರುವ ಇಂಗಾಲದ ಪ್ರಮಾಣದಿಂದ ಸುಟ್ಟ ಇಂಧನವನ್ನು ಲೆಕ್ಕ ಹಾಕುತ್ತಾರೆ. ಸಿಲ್ಕ್ ಬೋರ್ಡ್ ವೃತ್ತದ ದಟ್ಟಣೆಯಾಗಲಿ, ಚಾರ್ಮಾಡಿ ಘಾಟಿಯ ಏರಾಗಲಿ ಈ ಪರೀಕ್ಷೆಯಲ್ಲಿಲ್ಲ. ಆದ್ದರಿಂದ ಈ ಅಂಕಿ ಎರಡು ಕಾರುಗಳನ್ನು ಹೋಲಿಸಲು ಉಪಯುಕ್ತವೇ ಹೊರತು ನಿತ್ಯದ ಭರವಸೆಯಲ್ಲ.

ಕಣ್ಣು ಮೋಸಗೊಳಿಸುವ ಲೆಕ್ಕ

'ಲೀಟರಿಗೆ ಇಷ್ಟು ಕಿ.ಮೀ.' ಎಂಬ ಕ್ರಮದಲ್ಲಿಯೇ ಒಂದು ಭ್ರಮೆ ಅಡಗಿದೆ. 10 ಕಿ.ಮೀ. ಕೊಡುವ ಕಾರನ್ನು ಬಿಟ್ಟು 12 ಕಿ.ಮೀ. ಕೊಡುವುದನ್ನು ಕೊಂಡರೆ 10,000 ಕಿ.ಮೀ.ಗೆ 167 ಲೀಟರ್ ಉಳಿಯುತ್ತದೆ. 20ರಿಂದ 25ಕ್ಕೆ ಏರಿದರೆ ಉಳಿಯುವುದು 100 ಲೀಟರ್ ಮಾತ್ರ! ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಭ್ರಮೆಯನ್ನು ವಿವರಿಸಿದರು. ಯುರೋಪಿನಲ್ಲಿ '100 ಕಿ.ಮೀ.ಗೆ ಇಷ್ಟು ಲೀಟರ್' ಎಂಬ ಕ್ರಮ ರೂಢಿಯಲ್ಲಿರುವುದರಿಂದ ಅಲ್ಲಿ ಈ ಗೊಂದಲಕ್ಕೆ ಎಡೆಯಿಲ್ಲ.

ಅಮೆರಿಕದ ಮಾದರಿ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2008ರ ಮಾದರಿಯ ಕಾರುಗಳಿಂದ ಆರಂಭಿಸಿ ಅತಿವೇಗ, ಎಸಿ ಬಳಕೆ ಮತ್ತು ಚಳಿಯನ್ನೂ ಲೆಕ್ಕಕ್ಕೆ ಸೇರಿಸಿತು. ಪರಿಣಾಮವಾಗಿ ಬಹುತೇಕ ಕಾರುಗಳ ಅಂಕಿ ಇಳಿಯಿತು. 2013ರ ಮಾದರಿಗಳಿಗೆ ಕಡ್ಡಾಯವಾದ ಹೊಸ ಫಲಕದಲ್ಲಿ 100 ಮೈಲಿಗೆ ತಗಲುವ ಇಂಧನ, ವಾರ್ಷಿಕ ವೆಚ್ಚ ಹಾಗೂ ಸರಾಸರಿ ಕಾರಿಗೆ ಹೋಲಿಸಿದರೆ 5 ವರ್ಷಗಳಲ್ಲಿ ಆಗುವ ಉಳಿತಾಯ ಅಥವಾ ಹೆಚ್ಚುವರಿ ಖರ್ಚನ್ನೂ ಮುದ್ರಿಸಲಾಯಿತು. ಗ್ರಾಹಕನಿಗೆ ಬೇಕಾದ ಉತ್ತರ ಹಣದ ರೂಪದಲ್ಲಿಯೇ ದೊರೆಯುವುದು ಇದರ ವಿಶೇಷ.

ಶಕ್ತಿಯ ಅಂಕಿ

ಎಂಜಿನ್ ಶಕ್ತಿಯನ್ನು ಕೆಲವರು ಪಿಎಸ್‌ನಲ್ಲಿ, ಕೆಲವರು ಬಿಎಚ್‌ಪಿಯಲ್ಲಿ, ಮತ್ತೆ ಕೆಲವರು ಕಿಲೋವ್ಯಾಟ್‌ನಲ್ಲಿ ಪ್ರಕಟಿಸುತ್ತಾರೆ. 100 ಪಿಎಸ್ ಎಂದರೆ ಸುಮಾರು 98.6 ಬಿಎಚ್‌ಪಿ ಅಥವಾ 73.5 ಕಿಲೋವ್ಯಾಟ್. ಹೋಲಿಕೆಗೆ ಮುನ್ನ ಒಂದೇ ಮಾನಕ್ಕೆ ಪರಿವರ್ತಿಸಿಕೊಳ್ಳುವುದು ಅಗತ್ಯ. ನಗರದಲ್ಲಿ ಓಡಿಸುವವರು ಟಾರ್ಕ್ ಎಷ್ಟು ಎಂಬುದರ ಜೊತೆಗೆ ಅದು ಎಷ್ಟು ಆರ್‌ಪಿಎಂನಲ್ಲಿ ದೊರೆಯುತ್ತದೆ ಎಂಬುದನ್ನೂ ಗಮನಿಸಬೇಕು. ಕಡಿಮೆ ಆರ್‌ಪಿಎಂನಲ್ಲಿಯೇ ದೊರೆತರೆ ಪದೇ ಪದೇ ಗೇರ್ ಬದಲಿಸುವ ಶ್ರಮ ತಪ್ಪುತ್ತದೆ.

ಸ್ವತಃ ಅಳೆಯುವ ಕ್ರಮ

ಬಂಕ್‌ನಲ್ಲಿ ನಳಿಕೆ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಓಡೋಮೀಟರ್ ಅಂಕಿಯನ್ನು ಬರೆದಿಡಬೇಕು. ಕೆಲವು ನೂರು ಕಿ.ಮೀ. ಓಡಿಸಿದ ಬಳಿಕ ಅದೇ ಬಂಕ್‌ನಲ್ಲಿ ಅದೇ ರೀತಿ ತುಂಬಿಸಿ, ಕ್ರಮಿಸಿದ ದೂರವನ್ನು ಎರಡನೆಯ ಸಲ ಹಾಕಿಸಿದ ಲೀಟರ್‌ಗಳಿಂದ ಭಾಗಿಸಬೇಕು. ಮೂರು ನಾಲ್ಕು ಬಾರಿ ಹೀಗೆ ಮಾಡಿ ಸರಾಸರಿ ತೆಗೆದರೆ ಕಾರಿನ ನಿಜವಾದ ಮೈಲೇಜ್ ತಿಳಿಯುತ್ತದೆ.