ವಾಸಿಯಾದ ಮೇಲೂ ರೋಗಿಯೇ?

ಬಾಗಲಕೋಟೆಯಿಂದ ಕಲಾದಗಿಯ ಕಡೆ ಹೋಗುವಾಗ ಸಿಗುವ ತುಳಸಿಗೇರಿ ಹನುಮಪ್ಪನ ಕ್ಷೇತ್ರವೆಂದು ಹೆಸರಾದ ಊರು. ಇಂಥ ಊರುಗಳಲ್ಲಿ ಡಾಕ್ಟರು, ನರ್ಸಬಾಯಿ, ರೋಗಿ ಎಲ್ಲರೂ ಒಂದೇ ಗುಡಿಯಲ್ಲಿ ಕಾಯಿ ಒಡೆಸುವವರು. ದೊಡ್ಡ ಶಹರದಲ್ಲಿ ಬಿಲ್ಲು ಕಟ್ಟಿ ಹೊರಬಿದ್ದ ರೋಗಿ ವೈದ್ಯನ ಕಣ್ಣಿಗೆ ಮತ್ತೆ ಬೀಳದಿರಬಹುದು. ಇಲ್ಲಿ ಹಾಗಾಗದು; ಸಂತೆಯಲ್ಲಿ ಸಿಗುತ್ತಾನೆ, ಮದುವೆಯಲ್ಲಿ ಪಕ್ಕದಲ್ಲೇ ಊಟಕ್ಕೆ ಕೂರುತ್ತಾನೆ. ಹಾಗಾದರೆ ಆರೈಕೆ ಮಾಡಿದವರಿಗೂ ವಾಸಿಯಾದವರಿಗೂ ನಡುವಿನ ಗೆರೆ ಎಲ್ಲಿರಬೇಕು?

ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿಯ ಸಂಬಂಧ ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಮುಗಿಯುತ್ತಿರಲಿಲ್ಲ. ಸುಗ್ಗಿಯಲ್ಲಿ ಜೋಳ, ಅನುಕೂಲವಿದ್ದವರ ಮನೆಯಿಂದ ಇಳಕಲ್ ಸೀರೆ ಅಥವಾ ಗುಳೇದಗುಡ್ಡದ ಖಣ, ತನ್ನ ಕೈಯಲ್ಲಿ ಹುಟ್ಟಿದ ಕೂಸಿನ ಮದುವೆಗೆ ಕರೆ ಇವೆಲ್ಲ ಆಕೆಗೆ ಸಲ್ಲುತ್ತಿದ್ದವು. ಅದನ್ನು ಯಾರೂ ತಪ್ಪೆನ್ನಲಿಲ್ಲ. ಆಕೆಯ ಕೆಲಸ ನಡೆಯುತ್ತಿದ್ದುದು ಮನೆಯ ಹೆಂಗಸರ ಕಣ್ಣೆದುರು ಎಂಬುದನ್ನು ಮರೆಯಬಾರದು.

ಒಬ್ಬನೇ ವೈದ್ಯ, ಒಬ್ಬಳೇ ರೋಗಿ ಎಂದಾಗ ಮಾತು ಬೇರೆ. ಇದನ್ನು ಚರಕಸಂಹಿತೆಯೇ ಬಲ್ಲದು. ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗುರು ಶಿಷ್ಯನಿಗೆ ಕಟ್ಟುಪಾಡು ಹೇಳುತ್ತಾನೆ: ಗಂಡನ ಅಥವಾ ಪೋಷಕರ ಅನುಮತಿಯಿಲ್ಲದೆ ಹೆಂಗಸರು ಕೊಟ್ಟದ್ದನ್ನು ತೆಗೆದುಕೊಳ್ಳಬಾರದು, ಮನೆಯವರಿಗೆ ಪರಿಚಿತನಾದವನ ಜೊತೆಗೇ ಒಳಗೆ ಹೋಗಬೇಕು, ಅಲ್ಲಿ ಕಂಡದ್ದನ್ನು ಹೊರಗೆ ಆಡಬಾರದು. ಗ್ರೀಕರ ಹಿಪ್ಪೊಕ್ರಾಟಿಸ್ ಪ್ರತಿಜ್ಞೆಯೂ ರೋಗಿಯ ಮನೆಯ ಗಂಡಸರೊಡನಾಗಲಿ ಹೆಂಗಸರೊಡನಾಗಲಿ, ಅವರು ಗುಲಾಮರೇ ಆಗಿರಲಿ, ದೇಹಸಂಬಂಧ ಕೂಡದೆನ್ನುತ್ತದೆ. ಆದರೆ ಚಿಕಿತ್ಸೆ ಮುಗಿದ ಮೇಲೇನು ಎಂಬುದಕ್ಕೆ ಎರಡರಲ್ಲೂ ಉತ್ತರವಿಲ್ಲ.

ಆ ಪ್ರಶ್ನೆ ತೀವ್ರವಾದದ್ದು ಮನೋಚಿಕಿತ್ಸೆ ಬಂದ ಮೇಲೆ. 1904ರ ಆಗಸ್ಟ್‌ನಲ್ಲಿ ಸಬೀನಾ ಸ್ಪೀಲ್‌ರೈನ್ ಎಂಬ ರಷ್ಯದ ತರುಣಿ ಜ್ಯೂರಿಕ್‌ನ ಬುರ್ಗ್‌ಹೋಲ್ಜ್‌ಲಿ ಆಸ್ಪತ್ರೆ ಸೇರಿದಳು. ಚಿಕಿತ್ಸೆ ಮಾಡಿದವನು ಕಾರ್ಲ್ ಯೂಂಗ್. ಮರುವರ್ಷ ಗುಣಮುಖಳಾಗಿ ಹೊರಬಂದು ವೈದ್ಯವಿದ್ಯಾರ್ಥಿನಿಯಾದಳು; ಇಬ್ಬರ ಆಪ್ತತೆ ಅನಂತರ ಪ್ರೇಮಕ್ಕೆ ತಿರುಗಿತು. ಅದು ಎಲ್ಲಿಯವರೆಗೆ ಹೋಗಿತ್ತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಸಬೀನಾಳ ತಾಯಿಗೆ ಯೂಂಗ್ ಬರೆದ ಸಮಜಾಯಿಷಿಯಂತೂ ವಿಚಿತ್ರ: ತಾನು ಫೀ ತೆಗೆದುಕೊಳ್ಳದ ಕಾರಣ ವೈದ್ಯನ ಪಾತ್ರ ಬಿಟ್ಟು ಗೆಳೆಯನಾಗುವುದು ಸುಲಭವಾಯಿತಂತೆ, ಗೆರೆ ಬೇಕೆಂದರೆ ಭೇಟಿಗೆ ಹತ್ತು ಫ್ರಾಂಕ್ ಕೊಡಲಿ! ಜೋಳ ಪಡೆದ ನಮ್ಮ ಸೂಲಗಿತ್ತಿ ಇಂಥ ವಾದ ಹೂಡಿದ್ದಿಲ್ಲ. 1909ರಲ್ಲಿ ಪ್ರಕರಣ ಫ್ರಾಯ್ಡ್‌ವರೆಗೆ ಹೋಯಿತು. ರೋಗಿಗೆ ಹುಟ್ಟುವ ಒಲವು ಚಿಕಿತ್ಸೆಯ ಸನ್ನಿವೇಶದ ಫಲವೇ ಹೊರತು ವೈದ್ಯನ ಮೋಡಿಯಲ್ಲ ಎಂದು ಆತ 1915ರ ಲೇಖನದಲ್ಲಿ ವಿವರಿಸಿದ. ಆ ಪ್ರಭಾವ ಡಿಸ್ಚಾರ್ಜ್ ಚೀಟಿಯೊಡನೆ ಹರಿದುಹೋಗುವುದಿಲ್ಲ ಎಂಬುದೇ ಹಳೆಯ ರೋಗಿಯ ವಿಷಯದಲ್ಲಿ ಇಂದಿಗೂ ಮುಖ್ಯ ವಾದ. ಸಬೀನಾ ಮುಂದೆ ಸ್ವತಃ ಹೆಸರಾಂತ ಮನೋವಿಶ್ಲೇಷಕಿಯಾದಳು. 1942ರಲ್ಲಿ ರೊಸ್ತೊವ್‌ನಲ್ಲಿ ನಾಜಿಗಳ ಕೈಯಲ್ಲಿ ಹತಳಾದಳು.

ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 1992ರಲ್ಲಿ ಚಿಕಿತ್ಸೆ ಮುಗಿದು ಕನಿಷ್ಠ ಎರಡು ವರ್ಷ ದೇಹಸಂಬಂಧ ಕೂಡದೆಂದಿತು. ಮನೋವೈದ್ಯರ ಸಂಘ ಮರುವರ್ಷ ಇನ್ನೂ ಮುಂದೆ ಹೋಗಿ, ಹಿಂದಿನ ರೋಗಿಯೊಡನೆಯೂ ಎಂದೆಂದಿಗೂ ಅದು ಅನೈತಿಕವೆಂದಿತು. ಎರಡು ವರ್ಷದ ಲೆಕ್ಕ ನನಗಂತೂ ವಕೀಲರ ಲೆಕ್ಕದಂತೆ ತೋರುತ್ತದೆ.

ನಮ್ಮಲ್ಲಿ ಈ ಮಾತನ್ನು ಬಹಿರಂಗವಾಗಿ ಎತ್ತಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಮನೋವೈದ್ಯೆ ಸುನೀತಾ ಸೈಮನ್ ಕುರ್ಪಾಡ್ ಮತ್ತವರ ಸಹೋದ್ಯೋಗಿಗಳು ಪ್ರಮುಖರು. ಎಲ್ಲರಿಗೂ ಕಾಣುವ, ಯಾರೂ ಆಡದ ಆನೆ ಕೋಣೆಯಲ್ಲಿದೆಯೇ ಎಂದು ಕೇಳುವ ಅವರ ಲೇಖನ ಬಂದದ್ದು 2010ರಲ್ಲಿ. ಆಮೇಲೆ ಭಾರತೀಯ ಮನೋವೈದ್ಯರ ಸಂಘ ಈ ಬಗ್ಗೆ ಮಾರ್ಗಸೂಚಿ ರೂಪಿಸಿತು. ಸ್ಥಾನದ ದುರುಪಯೋಗ ಮಾಡಿ ರೋಗಿಯೊಡನೆ ಅನುಚಿತ ಸಂಬಂಧ ಇಟ್ಟುಕೊಂಡ ವೈದ್ಯನ ಮೇಲೆ ಶಿಸ್ತುಕ್ರಮ ಎನ್ನುವುದು 2002ರ ವೈದ್ಯಕೀಯ ಮಂಡಳಿಯ ನಿಯಮ. 2023ರಲ್ಲಿ ಹೊಸ ನಿಯಮಾವಳಿ ಹೊರಬಂತು. ಕೆಲವೇ ವಾರಗಳಲ್ಲಿ ಅದನ್ನು ತಡೆಹಿಡಿದು ಹಳೆಯದನ್ನೇ ಮುಂದುವರಿಸಲಾಯಿತು. ಆ ಹಳೆಯ ಕಲಮಿನಲ್ಲಿರುವುದು ‘ರೋಗಿ’ ಎಂಬ ಒಂದೇ ಪದ. ‘ಹಿಂದಿನ ರೋಗಿ’ ಎಂದಿಲ್ಲ.