ಆಮೆಗೆ ಕನ್ನಡ ಕಲಿಸಿದ ಕಥೆ

ಕಂಪ್ಯೂಟರ್ ಶಿಕ್ಷಣ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ತಂಪಾದ ಕೋಣೆ, ಸಾಲಾಗಿ ಜೋಡಿಸಿದ ಯಂತ್ರಗಳು, ಪ್ರತಿ ಯಂತ್ರದ ಮುಂದೊಬ್ಬ ವಿದ್ಯಾರ್ಥಿ. ಬೆಂಗಳೂರಿನ ಕೆಲವು ಶಾಲೆಗಳಿಗೆ ಈ ಚಿತ್ರ ಒಪ್ಪೀತು. ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ದಾರಿಯಲ್ಲಿ ಸಿಗುವ ಸುಂಟಿಕೊಪ್ಪದಂಥ ಊರಿಗೆ ಅದು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸುತ್ತಲೂ ಕಾಫಿ ತೋಟ. ಮಳೆಗಾಲ ಹಿಡಿಯಿತೆಂದರೆ ಮರ ಬಿದ್ದು ತಂತಿ ಹರಿಯುವುದು, ಕರೆಂಟು ಹೋಗುವುದು ಈ ಸೀಮೆಗೆ ಹೊಸದಲ್ಲ. ಇನ್ನು ಮಕ್ಕಳ ಮನೆಮಾತುಗಳನ್ನು ಎಣಿಸಿ ನೋಡಿ: ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ, ಮಲಯಾಳಂ, ತೋಟದ ಲೈನ್‌ಮನೆಗಳಲ್ಲಿ ತಮಿಳು. ಇವರೆಲ್ಲರೂ ತರಗತಿಯಲ್ಲಿ ಕೂಡುವುದು ಕನ್ನಡದಲ್ಲಿ. ಇಂಗ್ಲಿಷ್ ಇವರಲ್ಲಿ ಅನೇಕರಿಗೆ ಮೂರನೆಯ ಭಾಷೆ. ಇಂಥ ತರಗತಿಯಲ್ಲಿ ಕ್ರಮವಿಧಿ ರಚನೆಯನ್ನು, ಅಂದರೆ ಪ್ರೋಗ್ರಾಮಿಂಗನ್ನು, ಕಲಿಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊಸ ಯಂತ್ರಗಳ ಬೆಲೆಪಟ್ಟಿಯನ್ನು ನೋಡುವುದಕ್ಕಿಂತ ಈ ವಿದ್ಯೆಯನ್ನು ಕಲಿಸಿದವರ ಚರಿತ್ರೆಯನ್ನು ನೋಡುವುದು ಲೇಸು. ಆ ಚರಿತ್ರೆ ಅರುವತ್ತು ವರ್ಷಗಳಷ್ಟು ಹಳೆಯದು. ಅದರಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಕಲಿಸುವ ಹೊಸ ದಾರಿಗಳು ಹೆಚ್ಚಾಗಿ ಹುಟ್ಟಿದ್ದು ಯಂತ್ರ ಸಾಲದೆ ಬಂದ ಕಡೆ, ಇಲ್ಲವೇ ಕಲಿಯುವವನು ಎಂಜಿನಿಯರ್ ಅಲ್ಲದ ಕಡೆ.

ಯಂತ್ರ ಒಂದು, ಕಲಿಯುವವರು ನೂರಾರು

1963ರ ಆಗಸ್ಟ್ ತಿಂಗಳಿನಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಎಂಬ ಗಣಕಯಂತ್ರ ಬಂದಿತು. ಇಡೀ ಸಂಸ್ಥೆಗೆ ಅದು ಒಂದೇ. ಅಲ್ಲಿ ಪಾಠ ಹೇಳಲು ನಿಂತವರಲ್ಲಿ ಪ್ರೊ. ವಿ. ರಾಜಾರಾಮನ್ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ಅವರು 1982ರಲ್ಲಿ ಮತ್ತೆ ಅದೇ ಸಂಸ್ಥೆಗೆ ಮರಳಿ ಸೂಪರ್ ಕಂಪ್ಯೂಟರ್ ಕೇಂದ್ರವನ್ನು ಕಟ್ಟಿದರು. ಅವರ ಜೊತೆಗಿದ್ದ ಇನ್ನೊಬ್ಬ ಗುರು ಪ್ರೊ. ಎಚ್. ಎನ್. ಮಹಾಬಲ. ಮುಂದೆ ಮದ್ರಾಸಿನ ಐ.ಐ.ಟಿ.ಯಲ್ಲಿ ಗಣಕವಿಜ್ಞಾನ ವಿಭಾಗವನ್ನು ಬೆಳೆಸಿದವರು ಅವರು.

ಯಂತ್ರವನ್ನು ಬೀಗ ಹಾಕಿ ಇಡದೆ, ವಿದ್ಯಾರ್ಥಿಗಳೇ ತಮ್ಮ ರಂಧ್ರಪತ್ರಗಳ ಕಟ್ಟನ್ನು ತಂದು ಓಡಿಸಬಹುದಾದ ವ್ಯವಸ್ಥೆಯನ್ನು ಕಾನ್ಪುರದಲ್ಲಿ ಮಾಡಲಾಯಿತು. ಹೊರಗಿನ ವಿಜ್ಞಾನಿಗಳಿಗೆ, ಅಧ್ಯಾಪಕರಿಗೆ ಕೆಲವೇ ದಿನಗಳ ಬಿಗಿಯಾದ ತರಬೇತಿಗಳು ನಡೆದವು. 1965ರಲ್ಲಿ ಎಂ.ಟೆಕ್. ಹಂತದಲ್ಲಿ ಗಣಕವಿಜ್ಞಾನ ಒಂದು ಐಚ್ಛಿಕ ವಿಷಯವಾಯಿತು. ಈ ಪಾಠದ ಟಿಪ್ಪಣಿಗಳೇ 1969ರಲ್ಲಿ ರಾಜಾರಾಮನ್ ಅವರ ಪುಸ್ತಕವಾಗಿ, ವಿದ್ಯಾರ್ಥಿಯ ಕೈಗೆಟುಕುವ ಬೆಲೆಯಲ್ಲಿ ಅಚ್ಚಾದವು. ಎಷ್ಟೋ ಕಾಲೇಜುಗಳಲ್ಲಿ ಯಂತ್ರ ಬರುವುದಕ್ಕೆ ಮೊದಲೇ ಈ ಪುಸ್ತಕ ಬಂದಿತ್ತು.

ರಂಧ್ರಪತ್ರದ ಕಾಲದ ಶಿಸ್ತನ್ನು ಇಲ್ಲಿ ನೆನೆಯಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಕಟ್ಟು ಹಿಂದಕ್ಕೆ ಬರುತ್ತಿತ್ತು. ಮತ್ತೆ ಸರದಿ ಬರುವವರೆಗೆ ಕಾಯಬೇಕು. ಆದ್ದರಿಂದ ವಿದ್ಯಾರ್ಥಿ ಮೊದಲು ಕಾಗದದ ಮೇಲೆ ತಾನೇ ಯಂತ್ರವಾಗಿ, ಒಂದೊಂದು ಆಜ್ಞೆಯನ್ನೂ ಕೈಯಲ್ಲೇ ನಡೆಸಿ, ಉತ್ತರ ಸರಿ ಬರುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದ. ಯಂತ್ರದ ಅಭಾವವೇ ಒಂದು ಪಾಠಕ್ರಮವಾಯಿತು. ಆ ಪಾಠಕ್ಕೆ ಬೇಕಾದದ್ದು ಪೆನ್ಸಿಲು, ಕಾಗದ ಮತ್ತು ತಾಳ್ಮೆ ಮಾತ್ರ.

ಅದೇ ಕಾಲದಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಅಧ್ಯಾಪಕರಿಗೆ ಬೇರೊಂದು ಚಿಂತೆ ಇತ್ತು. ಇತಿಹಾಸ, ಸಾಹಿತ್ಯ ಓದುವ ಹುಡುಗರೂ ಗಣಕವನ್ನು ಬಳಸಬೇಕು, ಅವರಿಗೆ ಫೋರ್ಟ್ರಾನ್ ಕಬ್ಬಿಣದ ಕಡಲೆ. ಹಾಗಾಗಿ ಅವರು ‘ಬೇಸಿಕ್’ ಎಂಬ ಸರಳ ಭಾಷೆಯನ್ನು ರೂಪಿಸಿದರು. 1964ರ ಮೇ 1ರಂದು ಬೆಳಗಿನ ಜಾವ ಅದು ಮೊದಲ ಬಾರಿಗೆ ಓಡಿತು. ಒಂದೇ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಹಂಚಿಕೊಳ್ಳುವ ಏರ್ಪಾಡೂ ಅದರ ಜೊತೆಗೇ ಇತ್ತು.

ನೆಲದ ಮೇಲಿನ ಆಮೆ

ಬೇಸಿಕ್ ಕಾಲೇಜು ಹುಡುಗರ ಭಾಷೆ. ಎಂಟು ಹತ್ತು ವರ್ಷದ ಮಕ್ಕಳ ಮಾತೇನು? 1967ರಲ್ಲಿ ಸೀಮೋರ್ ಪ್ಯಾಪರ್ಟ್, ವಾಲಿ ಫೋಯರ್‌ಜೈಗ್, ಸಿಂಥಿಯಾ ಸಾಲೊಮನ್ ಮೊದಲಾದವರು ‘ಲೋಗೊ’ ಎಂಬ ಭಾಷೆಯನ್ನು ಸಿದ್ಧಪಡಿಸಿದರು. ಕೆಲವು ವರ್ಷಗಳಲ್ಲಿ ಅದಕ್ಕೊಂದು ಆಮೆ ಜೊತೆಯಾಯಿತು. ಮೊದಲು ನೆಲದ ಮೇಲೆ ಉರುಳುತ್ತ ಗೆರೆ ಎಳೆಯುವ ಯಂತ್ರದ ಆಮೆ, ಆಮೇಲೆ ಪರದೆಯ ಮೇಲಿನ ಆಮೆ. ಅದಕ್ಕೆ ನೂರು ಹೆಜ್ಜೆ ಮುಂದೆ ಹೋಗು, ತೊಂಬತ್ತು ಡಿಗ್ರಿ ಬಲಕ್ಕೆ ತಿರುಗು ಎಂದು ನಾಲ್ಕು ಸಲ ಹೇಳಿದರೆ ಚೌಕ ಮೂಡುತ್ತದೆ. ಒಂದು ಹೆಜ್ಜೆ ಮುಂದೆ, ಒಂದು ಡಿಗ್ರಿ ಬಲಕ್ಕೆ ಎಂದು ಮುನ್ನೂರ ಅರುವತ್ತು ಸಲ ಹೇಳಿದರೆ ಹೆಚ್ಚುಕಡಿಮೆ ವೃತ್ತವೇ ಆಗುತ್ತದೆ.

ಮಗುವಿಗೆ ಅನುಮಾನ ಬಂದರೆ ತಾನೇ ಎದ್ದು ಅಂಗಳದಲ್ಲಿ ಆಮೆಯಂತೆ ನಡೆದು ನೋಡಬಹುದು. ತಪ್ಪು ಮಾಡಿದರೆ ಆಮೆ ಬೇರೆಡೆಗೆ ಹೋಗುತ್ತದೆ, ಅಷ್ಟೆ. ಎಲ್ಲಿ ತಪ್ಪಿತು ಎಂದು ಹುಡುಕಿ ತಿದ್ದುವುದೇ ಕಲಿಕೆ. ಯಂತ್ರ ಮಗುವಿಗೆ ಪಾಠ ಹೇಳುವುದಲ್ಲ, ಮಗು ಯಂತ್ರಕ್ಕೆ ಪಾಠ ಹೇಳಬೇಕು ಎಂಬುದು ಪ್ಯಾಪರ್ಟ್ ಅವರ ವಾದದ ತಿರುಳು. 1980ರಲ್ಲಿ ಬಂದ ಅವರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕ ಈ ವಾದವನ್ನು ಜಗತ್ತಿನ ಶಿಕ್ಷಕರ ಮುಂದಿಟ್ಟಿತು.

ಪೆಟ್ಟಿಗೆಗಳು ಬಂದವು

ನಮ್ಮ ದೇಶದ ಶಾಲೆಗಳಿಗೆ ಗಣಕ ಬಂದದ್ದು 1984-85ರಲ್ಲಿ, ‘ಕ್ಲಾಸ್’ ಎಂಬ ಯೋಜನೆಯ ಮೂಲಕ. ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳನ್ನು ಆರಿಸಿ, ‘ಬಿ.ಬಿ.ಸಿ. ಮೈಕ್ರೊ’ ಎಂಬ ಬ್ರಿಟಿಷ್ ಯಂತ್ರಗಳನ್ನು ಕೊಡಲಾಯಿತು. ಬ್ರಿಟನ್ನಿನಲ್ಲಿ ಈ ಯಂತ್ರ ಒಂಟಿಯಾಗಿ ಬಂದಿರಲಿಲ್ಲ. 1982ರಲ್ಲಿ ಅಲ್ಲಿನ ಟೆಲಿವಿಷನ್ ಸರಣಿ, ಪುಸ್ತಕ, ಯಂತ್ರ ಮೂರೂ ಕೈಕೈ ಹಿಡಿದು ಮನೆಮನೆಗೆ ಹೋಗಿದ್ದವು. ಇಲ್ಲಿ ಯಂತ್ರದ ಜೊತೆಗೆ ಬಂದ ಭಾಷೆ ಇಂಗ್ಲಿಷ್. ಸಿಕ್ಕ ಸಮಯವೂ ವಾರಕ್ಕೆ ಕೆಲವೇ ಗಳಿಗೆ.

ಕರ್ನಾಟಕದಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ದೊಡ್ಡ ಪ್ರಮಾಣದಲ್ಲಿ ಗಣಕಗಳು ತಲುಪಿದ್ದು 2001ರ ಸುಮಾರಿಗೆ, ‘ಮಾಹಿತಿ ಸಿಂಧು’ ಯೋಜನೆಯಡಿ. ಅದರ ಗುರಿ ಒಂದು ಸಾವಿರ ಶಾಲೆ. ಹಳ್ಳಿಯ ಮಗು ಮೊದಲ ಬಾರಿಗೆ ಕೀಲಿಮಣೆ ಮುಟ್ಟಿದ್ದು ಇಂಥ ಯೋಜನೆಗಳಿಂದ ಎಂಬುದನ್ನು ಮರೆಯುವಂತಿಲ್ಲ. ಆದರೆ ಪಾಠ ಹೇಳುವ ಹೊಣೆ ಖಾಸಗಿ ಸಂಸ್ಥೆಗಳ ಬೋಧಕರದಾಯಿತು. ಶಾಲೆಯ ಗಣಿತದ ಮೇಷ್ಟ್ರು, ವಿಜ್ಞಾನದ ಮೇಡಂ ಕೋಣೆಯ ಹೊರಗೇ ಉಳಿದರು. ಇಂಥ ಏರ್ಪಾಡಿನಲ್ಲಿ ಒಪ್ಪಂದದ ಅವಧಿ ಮುಗಿದಾಗ ಬೋಧಕ ಹೋಗುತ್ತಾನೆ, ಪೆಟ್ಟಿಗೆ ಉಳಿಯುತ್ತದೆ.

ನೆರೆಯ ಕೇರಳ ಅದೇ 2001ರಲ್ಲಿ ‘ಐಟಿ@ಸ್ಕೂಲ್’ ಯೋಜನೆಯನ್ನು ಆರಂಭಿಸಿ ಬೇರೆ ದಾರಿ ಹಿಡಿಯಿತು. ಅಲ್ಲಿ ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟರು, ಮುಂದೆ ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಂಡರು. ಕೊಡಗಿನ ಕರಿಕೆಯಿಂದ ಗಡಿ ದಾಟಿದರೆ ಕಾಸರಗೋಡು ಜಿಲ್ಲೆ. ಆ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೇ ಅಚ್ಚಾಗಿ ಬಂದಿದೆ. ಕರ್ನಾಟಕವೂ ಸುಮ್ಮನೆ ಕೂರಲಿಲ್ಲ. 2011ರಿಂದ ‘ವಿಷಯ ಶಿಕ್ಷಕರ ವೇದಿಕೆ’ಯ ಮೂಲಕ ಪ್ರೌಢಶಾಲಾ ಶಿಕ್ಷಕರೇ ಮುಕ್ತ ತಂತ್ರಾಂಶ ಕಲಿತು, ಕನ್ನಡದಲ್ಲಿ ಪಾಠ ಸಾಮಗ್ರಿ ತಯಾರಿಸಿ ಹಂಚಿಕೊಳ್ಳತೊಡಗಿದರು.

ಆಮೆಗೆ ಬಂದ ಕನ್ನಡ

ಪಠ್ಯಪುಸ್ತಕ ಕನ್ನಡದಲ್ಲಿದ್ದರೂ ಯಂತ್ರಕ್ಕೆ ಕೊಡುವ ಆಜ್ಞೆ ಇಂಗ್ಲಿಷಿನಲ್ಲೇ ಇದ್ದರೆ ಮಗುವಿನ ಮುಂದೆ ಎರಡು ಗೋಡೆಗಳು ನಿಲ್ಲುತ್ತವೆ. ಒಂದು ತರ್ಕದ ಗೋಡೆ, ಇನ್ನೊಂದು ಕಾಗುಣಿತದ ಗೋಡೆ. ಆಮೆ ಕದಲದಿದ್ದಾಗ ತನ್ನ ಆಲೋಚನೆ ತಪ್ಪಿತೋ, ಇಂಗ್ಲಿಷ್ ಪದದ ಅಕ್ಷರ ತಪ್ಪಿತೋ ಎಂಬುದು ಮಗುವಿಗೆ ತಿಳಿಯುವುದಿಲ್ಲ.

ಈ ಎರಡನೆಯ ಗೋಡೆಯನ್ನು ಕೆಡವಿದ ಪ್ರಯತ್ನ ಕನ್ನಡದಲ್ಲಿ ನಡೆದಿದೆ ಎಂಬುದು ಹೆಮ್ಮೆಯ ಸಂಗತಿ. ಅದಕ್ಕೆ ನೆಲ ಹದ ಮಾಡಿದವರು ಹಲವರು. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಗೆ ಹೊಂದುವ ಕೀಲಿಮಣೆ ವಿನ್ಯಾಸವನ್ನು ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳವರೆಗೂ ಹೋಯಿತು. ಆದರೆ ಇವೆಲ್ಲ ಕನ್ನಡವನ್ನು ಬೆರಳಚ್ಚು ಮಾಡುವ ಸಾಧನಗಳು. ಕನ್ನಡದಲ್ಲಿ ಗಣಕಕ್ಕೆ ಆಜ್ಞೆ ಕೊಡುವುದು ಬೇರೆಯೇ ಮಾತು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದು, 1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ ಡಾ. ಯು. ಬಿ. ಪವನಜ ಅವರು ಲೋಗೊ ಭಾಷೆಯನ್ನೇ ಕನ್ನಡಕ್ಕೆ ತಂದರು. ಭಾರತೀಯ ಭಾಷೆಯೊಂದರಲ್ಲಿ ಬಂದ ಮೊದಲ ಲೋಗೊ ಎಂಬ ಹೆಸರು ‘ಕನ್ನಡ ಲೋಗೊ’ಗೆ ಇದೆ. 2006ರಲ್ಲಿ ಅದಕ್ಕೆ ಮಂಥನ ಪ್ರಶಸ್ತಿ ದೊರೆಯಿತು. ಅಮೆರಿಕದಲ್ಲಿ ಹುಟ್ಟಿದ ಆಮೆ ಕನ್ನಡದ ಆಜ್ಞೆಯನ್ನು ಕೇಳಿ ನಡೆಯಿತು.

ಕೆಲಸದ ಜಗತ್ತಿನಲ್ಲಿ ಇಂಗ್ಲಿಷೇ ಬೇಕಲ್ಲ, ಹೀಗಿರುವಾಗ ಕನ್ನಡದ ಆಮೆಯಿಂದೇನು ಪ್ರಯೋಜನ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ‘ಇಷ್ಟು ಸಲ ಮರಳಿ ಮಾಡು’ ಎಂಬ ಕಲ್ಪನೆ ಒಮ್ಮೆ ಮನಸ್ಸಿಗೆ ಇಳಿದರೆ ಅದಕ್ಕೆ ಸಮನಾದ ಇಂಗ್ಲಿಷ್ ಪದವನ್ನು ಕಲಿಯಲು ಹೆಚ್ಚು ಹೊತ್ತು ಬೇಡ. ಕಲ್ಪನೆಯೇ ಇಳಿಯದೆ ಪದ ಮಾತ್ರ ಬಾಯಿಪಾಠವಾದರೆ ಪರೀಕ್ಷೆಯ ಮರುದಿನ ಅದೂ ಹೋಗುತ್ತದೆ. ಕನ್ನಡ ಲೋಗೊ ರಾಜ್ಯದ ಎಲ್ಲ ಶಾಲೆಗಳ ಪಾಠವಾಗಲಿಲ್ಲ. ಅದು ತೋರಿಸಿಕೊಟ್ಟ ದಾರಿಯಂತೂ ಮುಚ್ಚಿಲ್ಲ.

ಕರೆಂಟಿಲ್ಲದ ಪಾಠ

ಭಾಷೆಯ ಗೋಡೆಯನ್ನು ಹೀಗೆ ದಾಟಬಹುದು. ಯಂತ್ರವೇ ಇಲ್ಲದಿದ್ದರೆ? 1990ರ ದಶಕದಲ್ಲಿ ನ್ಯೂಜಿಲೆಂಡಿನ ಟಿಮ್ ಬೆಲ್, ಇಯಾನ್ ವಿಟನ್ ಮತ್ತು ಅವರ ಜೊತೆಗಾರ ಮೈಕ್ ಫೆಲೋಸ್ ಇದಕ್ಕೊಂದು ಉತ್ತರ ಕೊಟ್ಟರು. ರಟ್ಟಿನ ಚೀಟಿ, ಹಗ್ಗ, ಸೀಮೆಸುಣ್ಣ, ಆಟ ಇವುಗಳಿಂದಲೇ ಗಣಕವಿಜ್ಞಾನವನ್ನು ಕಲಿಸುವ ಕ್ರಮ ಅದು. ಭಾರತದಲ್ಲಿ 2016ರಲ್ಲಿ ಆರಂಭವಾದ ‘ಸಿಎಸ್ ಪಾಠಶಾಲಾ’ ಇಂಥ ಚಟುವಟಿಕೆಗಳನ್ನು ಶಾಲೆಗಳಿಗೆ ಒಯ್ಯುತ್ತಿದೆ.

ಸುಂಟಿಕೊಪ್ಪದ ಶಿಕ್ಷಕರಿಗೆ ಇದಕ್ಕೆ ಬೇಕಾದ ಸಾಮಗ್ರಿ ಮನೆಯಲ್ಲೇ ಇದೆ. 1956ರ ಕಾಯ್ದೆಯ ನಂತರ ಕಿಲೋ, ಲೀಟರುಗಳು ಬರುವ ಮೊದಲು ನಮ್ಮ ಅಜ್ಜಿಯರು ಅಳೆಯುತ್ತಿದ್ದುದು ಸೇರಿನಲ್ಲಿ. ಒಂದು ಸೇರಿಗೆ ಎರಡು ಅಚ್ಚೇರು, ಅಚ್ಚೇರಿಗೆ ಎರಡು ಪಾವು, ಪಾವಿಗೆ ಎರಡು ಅರೆಪಾವು, ಅರೆಪಾವಿಗೆ ಎರಡು ಚಟಾಕು. ಚಟಾಕನ್ನು ಒಂದು ಎಂದು ಹಿಡಿದರೆ ಈ ಅಳತೆಗಳು ಕ್ರಮವಾಗಿ 16, 8, 4, 2, 1. ಒಂದೊಂದು ಅಳತೆಯನ್ನೂ ಒಮ್ಮೆ ಮಾತ್ರ ಬಳಸಿ 1ರಿಂದ 31 ಚಟಾಕಿನವರೆಗೆ ಯಾವ ಪ್ರಮಾಣವನ್ನಾದರೂ ಅಳೆಯಬಹುದು. 25 ಚಟಾಕು ಅಕ್ಕಿ ಬೇಕೆ? ಒಂದು ಸೇರು, ಒಂದು ಅಚ್ಚೇರು, ಒಂದು ಚಟಾಕು. ಬಳಸಿದ ಅಳತೆಗೆ 1, ಬಳಸದ ಅಳತೆಗೆ 0 ಎಂದು ಬರೆದರೆ 11001. ಗಣಕಯಂತ್ರದ ಒಳಗೆ 25 ಎಂಬ ಸಂಖ್ಯೆ ನಿಲ್ಲುವುದು ಇದೇ ದ್ವಿಮಾನ ರೂಪದಲ್ಲಿ. ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ಅಳತೆಯ ಹೆಸರು ಬರೆದ ಚೀಟಿ ಕೊಟ್ಟರೆ ಪಾಠ ಸಿದ್ಧ.

ಕಾಫಿ ಕೊಯ್ಲನ್ನೂ ಹೀಗೆಯೇ ಪಾಠವಾಗಿಸಬಹುದು. ಗಿಡದಲ್ಲಿ ನೋಡದ ಹಣ್ಣು ಇರುವವರೆಗೆ ಒಂದೊಂದನ್ನೇ ನೋಡು, ಕೆಂಪಾಗಿದ್ದರೆ ಕೀಳು, ಹಸಿರಾಗಿದ್ದರೆ ಬಿಡು, ಮುಗಿದರೆ ಮುಂದಿನ ಗಿಡಕ್ಕೆ ಹೋಗು. ಷರತ್ತು, ಪುನರಾವರ್ತನೆ ಎರಡೂ ಇದರಲ್ಲಿವೆ. ಅರ್ಧ ಕೆಂಪಾದ ಹಣ್ಣನ್ನು ಏನು ಮಾಡಬೇಕು ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಕೊಟ್ಟ ಆಜ್ಞೆಯಲ್ಲಿ ಎಲ್ಲಿ ಲೋಪವಿದೆ ಎಂದು ಕಂಡುಹಿಡಿದ ಆ ಮಗು ಆ ಕ್ಷಣದಲ್ಲಿ ಪ್ರೋಗ್ರಾಮರ್ ಆಗಿರುತ್ತದೆ. ಒಣಗಿದ ಬೀಜವನ್ನು ಕ್ಯೂರಿಂಗ್ ವರ್ಕ್ಸಿನಲ್ಲಿ ಬೇರೆ ಬೇರೆ ಕಣ್ಣಿನ ಜರಡಿಗಳಲ್ಲಿ ಹಾಯಿಸಿ ದರ್ಜೆ ಮಾಡುವುದನ್ನು ಕಂಡ ಮಗುವಿಗೆ ವಿಂಗಡಣೆ ಎಂಬ ಪಾಠ ಹೊಸದೇನೂ ಅಲ್ಲ.

ಇದೆಲ್ಲ ಇಂದು ಏಕೆ ಮುಖ್ಯ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಪೂರ್ವ ಹಂತದಲ್ಲೇ ಪ್ರೋಗ್ರಾಮಿಂಗ್ ಪರಿಚಯವಾಗಬೇಕು ಎನ್ನುತ್ತದೆ. ಕನಿಷ್ಠ ಐದನೆಯ ತರಗತಿಯವರೆಗೆ ಸಾಧ್ಯವಾದ ಕಡೆಯೆಲ್ಲ ಮನೆಮಾತಿನಲ್ಲಿ ಪಾಠ ನಡೆಯಬೇಕು ಎಂಬ ಮಾತೂ ಅದೇ ದಾಖಲೆಯಲ್ಲಿದೆ. ಇವೆರಡನ್ನೂ ಕೂಡಿಸಿ ಓದಿದವರು ಕಡಿಮೆ. ಕೋವಿಡ್ ಕಾಲದಲ್ಲಿ ಕೊಡಗಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. 2021ರಲ್ಲಿ ಜಿಲ್ಲೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣೆ ಕಟ್ಟಿ ಅಲ್ಲಿಂದ ಪಾಠ ಹೇಳಿದರು. ಯಂತ್ರ ಮತ್ತು ಸಂಪರ್ಕವನ್ನೇ ನೆಚ್ಚಿದ ಶಿಕ್ಷಣ ಯಾರನ್ನು ಹೊರಗಿಡುತ್ತದೆ ಎಂಬುದು ಆಗ ಎಲ್ಲರಿಗೂ ಕಾಣಿಸಿತು.

ಹಾಗೆಂದು ಸುಂಟಿಕೊಪ್ಪದ ಶಾಲೆಗೆ ಗಣಕಯಂತ್ರ ಬೇಡ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಬೇಕು, ಒಳ್ಳೆಯದೇ ಬೇಕು. ಆದರೆ ಅದು ಬರುವ ದಿನದವರೆಗೆ ಪಾಠ ಕಾಯಬೇಕಾಗಿಲ್ಲ, ಬಂದ ಮೇಲೆ ಮೇಷ್ಟ್ರು ಹೊರಗೆ ನಿಲ್ಲಬೇಕಾಗಿಯೂ ಇಲ್ಲ. ಕಾನ್ಪುರದಲ್ಲಿ ಪೆನ್ಸಿಲ್ ಹಿಡಿದು ತಾನೇ ಯಂತ್ರವಾದ ವಿದ್ಯಾರ್ಥಿಯ ಪಾಠ, ಅಂಗಳದಲ್ಲಿ ಆಮೆಯಾಗಿ ನಡೆದ ಮಗುವಿನ ಪಾಠ, ಪಾವು ಚಟಾಕಿನ ಪಾಠ, ಮೂರೂ ಕನ್ನಡದಲ್ಲಿ ನಾಳೆಯೇ ಆರಂಭವಾಗಬಲ್ಲವು. ಹಾಗೆ ಕಲಿತ ಮಗುವಿನ ಕೈಗೆ ಯಂತ್ರ ಬಂದಾಗ ಅದಕ್ಕೆ ಏನು ಹೇಳಬೇಕು ಎಂಬುದು ಆ ಮಗುವಿಗೆ ಮೊದಲೇ ಗೊತ್ತಿರುತ್ತದೆ.